ಯೆಜ್ಡಿನೋ, ಬುಲೆಟ್ಟೋ?

ಮೊನ್ನೆ ರೋಣಕ್ಕೆ ಹೋದಾಗ ಅಣ್ಣನ ಮಗ ಕೇಳಿದ, "ಕಾಕಾ, ಬುಲೆಟ್ ತಗೊಳ್ಳಲ್ಯೋ, ಹೊಸಾ ಯೆಜ್ಡಿ ತಗೊಳ್ಳಲ್ಯೋ?" ಅಣ್ಣ ಒಳಗಿಂದಲೇ ಅಂದ, "ಮೊದಲ ಹೆಸರಿನ ರೊಕ್ಕ ಕೈಗೆ ಬರ್ಲಿ!"

ಅಮೆರಿಕದವರು ಮಸ್ಟಾಂಗ್ ದೊಡ್ಡದೋ ಕ್ಯಾಮರೋ ದೊಡ್ಡದೋ ಅಂತ ಬಡಿದಾಡ್ತಾರೆ. ರೋಣ, ನರಗುಂದ, ಗಜೇಂದ್ರಗಡದ ಚಾದಂಗಡಿಗಳಲ್ಲಿ ಆ ಜಗಳ ಬೈಕಿನದು.

ನನ್ನ ಮನಸ್ಸು ಯೆಜ್ಡಿ ಕಡೆ. ಅಪ್ಪನ ಗಾಡಿ ಅದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೆಯಿತು. 250 ಸಿಸಿ, ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಕಿಕ್ ಹೊಡೆಯುವ ಲಿವರೇ ಗೇರು. ಆರ್‌ಎಕ್ಸ್ 100 ಮಾತ್ರ ಬೇರೇನೇ ಲೆಕ್ಕ: 98 ಸಿಸಿಗೆ 11 ಅಶ್ವಶಕ್ತಿ! ಅದೂ ನಿಂತದ್ದು 1996ರಲ್ಲೇ. ಬುಲೆಟ್ ಒಂದೇ ನಿಲ್ಲದೆ ಬಂತು.

ಜಾವಾ ಮತ್ತೆ ಬಂದದ್ದು 2018ರಲ್ಲಿ. ಫೋರ್ಟಿ ಟು ಮಾದರಿಗೆ ಆಗ ದೆಹಲಿ ಶೋರೂಮ್ ಬೆಲೆ 1.55 ಲಕ್ಷ. 2022ರಲ್ಲಿ ಯೆಜ್ಡಿ ಬಂದಾಗ ರೋಡ್‌ಸ್ಟರ್ ಶುರುವಾದದ್ದೇ 1.98 ಲಕ್ಷದಿಂದ. ಈಗ ತಯಾರಾಗೋದು ಮೈಸೂರಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ. ಅಂದರೆ ನಾವು ಕೊಡೋ ರೊಕ್ಕದಲ್ಲಿ ಒಂದಿಷ್ಟು ಆ ಹೆಸರಿಗೇ ಹೋಗ್ತದೆ.

2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿಯಿತು. 349 ಸಿಸಿಯ ಕ್ಲಾಸಿಕ್ಕೂ 334 ಸಿಸಿಯ ಯೆಜ್ಡಿಯೂ ಆ ಗೆರೆಯೊಳಗೇ. ಹೀಗಾಗಿ ತೆರಿಗೆ ನೋಡಿ ಆರಿಸೋ ಹಾಗಿಲ್ಲ.

"ನೂರು ಸಿಸಿದು ಸಾಕಲ್ಲೋ, ಗಜೇಂದ್ರಗಡಕ್ಕೆ ಹೋಗಿ ಬರಾಕ?" ಅಂದೆ. ತಲೆ ತಗ್ಗಿಸಿ ಅಂದ, "ಹೆಣ್ಣಿನ ಕಡೆಯವರು ಬರ್ತಾರ ಕಾಕಾ. ಒಕ್ಕಲುತನ ಅಂದ್ರ ಮುಖಾ ತಿರುವ್ತಾರ. ಗಾಡಿನಾದ್ರೂ ನೋಡ್ಲಿ."

ನಗಬೇಕೆಂದವನಿಗೆ ನಗು ಬರಲಿಲ್ಲ.

ಆದರೂ ನನ್ನ ಮಾತು ಇದು. ಕಂತು ತಿಂಗಳಿಗೊಮ್ಮೆ ಬರ್ತದೆ, ನಮ್ಮ ಎರಿ ಹೊಲದ ಬೆಳೆ ವರ್ಷಕ್ಕೆರಡು ಸಲ, ಅದೂ ಮಳೆಯಾದರೆ. ನರಗುಂದದ ಕಡೆ ಮಲಪ್ರಭಾ ಕಾಲುವೆ ಇದ್ದವರ ಲೆಕ್ಕ ಬೇರೆ. ಅರ್ಧಕ್ಕಿಂತ ಹೆಚ್ಚು ರೊಕ್ಕ ಕೈಯಲ್ಲಿದ್ದರೆ ಬುಲೆಟ್ ತಗೋ. ರಿಪೇರಿ ಬಲ್ಲವರು ಹತ್ತಿರದಲ್ಲೇ ಸಿಗ್ತಾರೆ, ನಾಳೆ ಮಾರಿದರೆ ಕೊಳ್ಳುವವರೂ ಇರ್ತಾರೆ. ಇಲ್ಲದಿದ್ದರೆ ಅಜ್ಜನ ಯೆಜ್ಡಿಗೆ ಬಣ್ಣ ಹೊಡಿಸು. ಹುಬ್ಬಳ್ಳಿಯಿಂದ ಒಬ್ಬರು ಅದನ್ನ ಕೇಳಿಕೊಂಡು ಎರಡು ಸಲ ಬಂದು ಹೋಗಿದ್ದಾರೆ. ಬೀಗರು ಅದರ ಸದ್ದು ಕೇಳಿಯಾದರೂ ಹೊರಗೆ ಬಂದಾರು.

ಅವನಿನ್ನೂ ಏನೂ ಹೇಳಿಲ್ಲ. ನೀವೇನಂತೀರಿ?