ಹುಲಿಮರಿ ಅಪ್ಪಿಕೊಂಡವರೆಲ್ಲ ವನ್ಯಜೀವಿ ಸಂರಕ್ಷಕರೇ?

ಹುಲಿಮರಿಗೆ ಬಾಟಲಿಯಲ್ಲಿ ಹಾಲು ಕುಡಿಸುವವರು, ನಾಗರಹಾವಿಗೆ ಮುತ್ತಿಡುವವರು... ‘ಇವರೇ ನಿಜವಾದ ವನ್ಯಜೀವಿ ರಕ್ಷಕರು, ಒಂದು ಸಲಾಂ ಇರಲಿ’ ಎಂಬ ಸಾಲಿನೊಂದಿಗೆ ಇಂಥ ವಿಡಿಯೋಗಳು ನಮ್ಮೆಲ್ಲರ ವಾಟ್ಸಾಪ್‌ಗೆ ಬರುತ್ತಲೇ ಇರುತ್ತವೆ. ಗೌರವಿಸಬೇಕೆಂಬ ಭಾವನೆ ಒಳ್ಳೆಯದೇ. ಆದರೆ ಆ ಗೌರವ ಸರಿಯಾದವರಿಗೆ ಸಲ್ಲುತ್ತಿದೆಯೇ?

ಪ್ರಾಣಿಯನ್ನು ಮುದ್ದಿಸುವುದು ಸಂರಕ್ಷಣೆಯೇ?

ಅಲ್ಲ. ಮನುಷ್ಯರಿಗೆ ಒಗ್ಗಿಹೋದ ಕಾಡುಪ್ರಾಣಿಯನ್ನು ಮತ್ತೆ ಕಾಡಿಗೆ ಬಿಡುವುದು ಕಷ್ಟ. ಹಾಗಾಗಿಯೇ ಮರಿಗಳನ್ನು ಕಾಡಿಗೆ ಮರಳಿಸಲು ಸಾಕುವ ತಜ್ಞರು ಅವುಗಳ ಒಡನಾಟವನ್ನು ಆದಷ್ಟು ಕಡಿಮೆ ಮಾಡುತ್ತಾರೆ. ಮೇಲಾಗಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹುಲಿ, ನಾಗರಹಾವುಗಳನ್ನು ಅನುಮತಿಯಿಲ್ಲದೆ ಹಿಡಿಯುವುದು, ಇಟ್ಟುಕೊಳ್ಳುವುದು ಅಪರಾಧ.

ಹಾಗಾದರೆ ನಿಜವಾದ ಕೆಲಸ ಯಾವುದು?

ಎರಡು ಉದಾಹರಣೆ ನೋಡೋಣ. ನಮ್ಮ ಬೆರಳಚ್ಚಿನಂತೆ ಪ್ರತಿ ಹುಲಿಯ ಪಟ್ಟೆಯೂ ಬೇರೆ ಬೇರೆ. ಕಾಡಿನಲ್ಲಿ ಇಟ್ಟ ಕ್ಯಾಮೆರಾಗಳ ಚಿತ್ರದಿಂದ ಪಟ್ಟೆಗಳನ್ನು ಗುರುತಿಸಿ ಹುಲಿಗಳ ಸಂಖ್ಯೆ ಅಂದಾಜಿಸುವ ವಿಧಾನವನ್ನು ಡಾ. ಉಲ್ಲಾಸ ಕಾರಂತ ಅವರು ನಾಗರಹೊಳೆಯಲ್ಲಿ ಬೆಳೆಸಿದರು. ದಶಕಗಳ ಈ ದುಡಿಮೆಗೆ 2012ರಲ್ಲಿ ಪದ್ಮಶ್ರೀ ಬಂತು.

ಇನ್ನೊಬ್ಬರು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್. ವೀರಪ್ಪನ್‌ನ ಊರಾದ ಗೋಪಿನಾಥಂನಲ್ಲಿ ಅವರು ಜನರ ಕಷ್ಟಸುಖಕ್ಕೆ ನೆರವಾಗಿ ವಿಶ್ವಾಸ ಗಳಿಸಿದ್ದರು. ಶರಣಾಗುತ್ತೇನೆಂದು ನಂಬಿಸಿ ಕರೆಸಿಕೊಂಡ ವೀರಪ್ಪನ್, 1991ರ ನವೆಂಬರ್ 10ರಂದು ಅವರನ್ನು ಕೊಂದ. ಸರ್ಕಾರ ಅವರಿಗೆ ಮರಣೋತ್ತರವಾಗಿ ಕೀರ್ತಿ ಚಕ್ರ ನೀಡಿತು.

ಇಂಥವರನ್ನು ನೆನೆಯಲು ಒಂದು ದಿನವಿದೆಯೇ?

ಇದೆ. ಸೆಪ್ಟೆಂಬರ್ 11 ರಾಷ್ಟ್ರೀಯ ಅರಣ್ಯ ಹುತಾತ್ಮರ ದಿನ. ಕೇಂದ್ರ ಸರ್ಕಾರ 2013ರಲ್ಲಿ ಇದನ್ನು ಘೋಷಿಸಿತು. 1730ರಲ್ಲಿ ಜೋಧಪುರದ ಹತ್ತಿರದ ಖೇಜಡ್ಲಿಯಲ್ಲಿ, ಮರ ಕಡಿಯಲು ಬಂದ ರಾಜನ ಕಡೆಯವರನ್ನು ತಡೆದು ಅಮೃತಾ ದೇವಿ ಸೇರಿ 363 ಬಿಷ್ಣೋಯಿಗಳು ಪ್ರಾಣ ಕೊಟ್ಟ ನೆನಪಿಗೆ ಈ ದಿನ.

ಪ್ರಶಸ್ತಿ ಸಿಕ್ಕರೆ ಸಾಕೇ?

ಸಾಲದು. ಪ್ರಶಸ್ತಿ ತಲುಪುವುದು ಕೆಲವೇ ಮಂದಿಗೆ. ಕಳ್ಳಬೇಟೆ ತಡೆ ಶಿಬಿರಗಳಲ್ಲಿ ರಾತ್ರಿ ಕಳೆಯುವ, ಬೇಸಿಗೆಯಲ್ಲಿ ಕಾಡ್ಗಿಚ್ಚು ನಂದಿಸುವ, ಆನೆ ಎದುರಾದರೆ ಓಡಲು ಮಾತ್ರ ಸಾಧ್ಯವಿರುವ ವಾಚರ್‌ಗಳಲ್ಲಿ ಅನೇಕರು ದಿನಗೂಲಿ ಅಥವಾ ಗುತ್ತಿಗೆಯವರು. ಕಾಡಂಚಿನ ಜೇನುಕುರುಬರು, ಸೋಲಿಗರೂ ಅವರಲ್ಲಿದ್ದಾರೆ. ಅವರ ಮಟ್ಟಿಗೆ ಗೌರವವೆಂದರೆ ಸಮಯಕ್ಕೆ ಸಂಬಳ, ವಿಮೆ, ಒಳ್ಳೆಯ ಬೂಟು ಮತ್ತು ಅನಾಹುತವಾದರೆ ಮನೆಯವರಿಗೆ ಆಸರೆ. ಹಾರ, ಶಾಲು ಆಮೇಲಿನ ಮಾತು.

ನಾವೇನು ಮಾಡಬಹುದು?

ಫಾರ್ವರ್ಡ್ ಮಾಡುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ: ವಿಡಿಯೋದಲ್ಲಿರುವವರ ಹೆಸರು, ಊರು ಇದೆಯೇ? ಪ್ರಾಣಿ ಕೊನೆಗೆ ಕಾಡಿಗೆ ಮರಳಿತೇ? ಇದನ್ನು ನೋಡಿ ಮಕ್ಕಳು ಹಾವು ಹಿಡಿಯಲು ಹೋದರೆ? ಉತ್ತರ ಸಿಗದಿದ್ದರೆ ಅದನ್ನು ಅಲ್ಲಿಗೇ ನಿಲ್ಲಿಸಿ. ಮುಂದಿನ ಬಾರಿ ಸಫಾರಿಗೆ ಹೋದಾಗ ಗೇಟಿನಲ್ಲಿ ನಿಂತ ವಾಚರ್‌ನ ಹೆಸರು ಕೇಳಿ, ಮಾತನಾಡಿಸಿ. ನಿಮ್ಮ ಸಲಾಂ ಅವರಿಗೂ ತಲುಪಲಿ.