ಮಾಹಿತಿ ತಂತ್ರಜ್ಞಾನ ಹೊರಗುತ್ತಿಗೆ: ಆರ್ಥಿಕ ಸಿದ್ಧಾಂತ ಮತ್ತು ನಾಗರಿಕ ಸೇವೆಗಳು

ಪೀಠಿಕೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಹಾಗೂ ಹೊಳಲ್ಕೆರೆ ತಾಲ್ಲೂಕುಗಳ ಸಾರ್ವಜನಿಕರು ಪಹಣಿ, ಜಾತಿ ಹಾಗೂ ಆದಾಯ ಪ್ರಮಾಣ ಪತ್ರಗಳಿಗಾಗಿ ಸಲ್ಲಿಸುವ ಅರ್ಜಿಗಳನ್ನು ಗಣಕಯಂತ್ರದ ಮೂಲಕ ನಿರ್ವಹಿಸಲಾಗುತ್ತದೆ. ಈ ಕಾರ್ಯದ ಯಾವ ಭಾಗವನ್ನು ಸರ್ಕಾರವೇ ನಿರ್ವಹಿಸಬೇಕು, ಯಾವುದನ್ನು ಖಾಸಗಿ ಸಂಸ್ಥೆಗಳಿಗೆ ವಹಿಸಬಹುದು ಎಂಬುದು ಅರ್ಜಿದಾರರಿಗೂ ಸಂಬಂಧಿಸಿದ ವಿಷಯ. ಪ್ರಮಾಣ ಪತ್ರ ವಿಳಂಬವಾದಲ್ಲಿ ವಿದ್ಯಾರ್ಥಿವೇತನದ ಕೊನೆಯ ದಿನಾಂಕ ಮೀರುತ್ತದೆ. ಪಹಣಿಯಲ್ಲಿ ತಪ್ಪಿದ್ದಲ್ಲಿ ರೈತರ ಬೆಳೆ ಸಾಲಕ್ಕೆ ಅಡಚಣೆಯಾಗುತ್ತದೆ.

ಸಿದ್ಧಾಂತದ ಹಿನ್ನೆಲೆ

ಒಂದು ಸಂಸ್ಥೆಯು ಕೆಲವು ಕೆಲಸಗಳನ್ನು ತಾನೇ ಮಾಡಿ, ಉಳಿದವನ್ನು ಹೊರಗಿನಿಂದ ಪಡೆಯುವುದೇಕೆ ಎಂಬುದನ್ನು ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1937ರಲ್ಲಿ ವಿವರಿಸಿದರು. ಹೊರಗೆ ವಹಿಸಿದ ಕೆಲಸಕ್ಕೆ ಅದರ ಬೆಲೆಯ ಜೊತೆಗೆ ಒಪ್ಪಂದ ಮಾಡಿಕೊಳ್ಳುವ ಹಾಗೂ ಮೇಲ್ವಿಚಾರಣೆ ನಡೆಸುವ ವೆಚ್ಚವೂ ತಗಲುತ್ತದೆ. 2009ರ ನೊಬೆಲ್ ಪ್ರಶಸ್ತಿ ಪುರಸ್ಕೃತರಲ್ಲಿ ಒಬ್ಬರಾದ ಆಲಿವರ್ ವಿಲಿಯಮ್ಸನ್ ಅವರ ಪ್ರಕಾರ, ಒಬ್ಬನೇ ಗುತ್ತಿಗೆದಾರನ ಮೇಲೆ ಅವಲಂಬನೆ ಹೆಚ್ಚಿದಷ್ಟೂ ಆತನನ್ನು ಬದಲಿಸುವುದು ದುಬಾರಿಯಾಗುತ್ತದೆ. ಒಪ್ಪಂದದಲ್ಲಿ ಬರೆದಿಡಲಾಗದ ಗುಣಮಟ್ಟವು ವೆಚ್ಚ ಕಡಿತದಿಂದ ಕುಸಿಯಬಹುದೆಂದು ಆಲಿವರ್ ಹಾರ್ಟ್ ಮತ್ತು ಸಹಲೇಖಕರು 1997ರಲ್ಲಿ ತೋರಿಸಿದರು.

ರಾಜ್ಯದ ಅನುಭವ

ಭೂಮಿ ಯೋಜನೆಯಡಿ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು. ದತ್ತಾಂಶ ನಮೂದನ್ನು ಖಾಸಗಿ ಸಂಸ್ಥೆಗಳಿಗೆ ವಹಿಸಿ, ತಾಲ್ಲೂಕು ಕಚೇರಿಯ ಆವರಣದಲ್ಲಿಯೇ ಮಾಡಿಸಲಾಯಿತು. ಪರಿಶೀಲನೆ ಹಾಗೂ ಖಾತೆ ಬದಲಾವಣೆಯ ಅಧಿಕಾರ ಕಂದಾಯ ಸಿಬ್ಬಂದಿಯಲ್ಲಿಯೇ ಉಳಿಯಿತು. ತಂತ್ರಾಂಶವನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಸಿದ್ಧಪಡಿಸಿತು. ಎಣಿಸಿ ಅಳೆಯಬಹುದಾದ ಕೆಲಸ ಹೊರಗೆ ಹೋಯಿತು, ತೀರ್ಮಾನದ ಹೊಣೆ ಒಳಗುಳಿಯಿತು.

2006ರಲ್ಲಿ ಆರಂಭಗೊಂಡ ನೆಮ್ಮದಿ ಯೋಜನೆ ಇನ್ನೂ ಮುಂದೆ ಸಾಗಿತು. ಕೋಮ್ಯಾಟ್ ಟೆಕ್ನಾಲಜೀಸ್ ಸೇರಿದಂತೆ ಖಾಸಗಿ ಸಂಸ್ಥೆಗಳ ಒಕ್ಕೂಟವು ಸುಮಾರು 800 ಹೋಬಳಿ ಕೇಂದ್ರಗಳನ್ನು ನಡೆಸಿತು. ತುರುವನೂರು, ಧರ್ಮಪುರ, ಶ್ರೀರಾಂಪುರ, ರಾಮಗಿರಿಯಂತಹ ಹೋಬಳಿಗಳ ಜನರು ತಾಲ್ಲೂಕು ಕೇಂದ್ರಕ್ಕೆ ಅಲೆಯುವುದನ್ನು ತಪ್ಪಿಸುವುದು ಇಂತಹ ಕೇಂದ್ರಗಳ ಉದ್ದೇಶ. ನಿರ್ವಾಹಕರ ಆದಾಯ ಸೇವಾ ಶುಲ್ಕದಿಂದ ಬರುತ್ತಿದ್ದರೆ, ಸ್ಥಳ ಪರಿಶೀಲನೆ ಹಾಗೂ ಸಹಿ ಸರ್ಕಾರಿ ಸಿಬ್ಬಂದಿಯದಾಗಿತ್ತು. ಹೀಗೆ ಹೊಣೆ ಹಂಚಿಹೋದಾಗ ವಿಳಂಬದ ಮೂಲವನ್ನು ಅರ್ಜಿದಾರರು ಗುರುತಿಸುವುದು ಕಷ್ಟ. ಮುಂದೆ ಈ ವ್ಯವಸ್ಥೆಯ ಬದಲಿಗೆ 2012ರಲ್ಲಿ ನಾಡಕಚೇರಿಗಳಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಆರಂಭಗೊಂಡವು. ಸೇವೆಯು ಕಂದಾಯ ಇಲಾಖೆಗೆ ಮರಳಿತು. ಗಣಕಯಂತ್ರ ನಿರ್ವಾಹಕರನ್ನು ಮಾತ್ರ ಹೊರಗುತ್ತಿಗೆಯಲ್ಲಿ ಪಡೆಯಲಾಯಿತು. 2022ರ ಜನವರಿಯಲ್ಲಿ 12 ಜಿಲ್ಲೆಗಳಲ್ಲಿ ಆರಂಭಗೊಂಡ ಗ್ರಾಮ ಒನ್ ಕೇಂದ್ರಗಳಲ್ಲಿ ಅರ್ಜಿ ಸ್ವೀಕಾರವನ್ನು ಪುನಃ ಖಾಸಗಿ ನಿರ್ವಾಹಕರಿಗೆ ವಹಿಸಲಾಗಿದೆ.

ಸಕಾಲ: ಹೊಣೆಗಾರಿಕೆಯ ನಿಗದಿ

ನಾಗರಿಕ ಸೇವೆಗಳ ಖಾತರಿಗಾಗಿ 2011ರಲ್ಲಿ ಅಧಿನಿಯಮವೊಂದನ್ನು ರೂಪಿಸಲಾಯಿತು. ಸಕಾಲ ಯೋಜನೆಯನ್ನು 2012ರ ಮಾರ್ಚ್‌ನಲ್ಲಿ ಚಿತ್ರದುರ್ಗ ಸೇರಿದಂತೆ ನಾಲ್ಕು ತಾಲ್ಲೂಕುಗಳಲ್ಲಿ ಪ್ರಾಯೋಗಿಕವಾಗಿ ಜಾರಿಗೊಳಿಸಿ, ಏಪ್ರಿಲ್ 2ರಿಂದ 11 ಇಲಾಖೆಗಳ 151 ಸೇವೆಗಳಿಗೆ ರಾಜ್ಯಾದ್ಯಂತ ವಿಸ್ತರಿಸಲಾಯಿತು. ವಿಳಂಬವಾದಲ್ಲಿ ದಿನಕ್ಕೆ ರೂ. 20ರಂತೆ ಗರಿಷ್ಠ ರೂ. 500ರವರೆಗೆ ಪರಿಹಾರ ಪಡೆಯಲು ಅವಕಾಶವಿದೆ. ಮೊತ್ತ ಚಿಕ್ಕದು. ಆದರೆ ಅರ್ಜಿಯನ್ನು ಯಾರೇ ಸ್ವೀಕರಿಸಿರಲಿ, ಕಾಲಮಿತಿಗೆ ಗೊತ್ತುಪಡಿಸಿದ ಅಧಿಕಾರಿಯೇ ಉತ್ತರದಾಯಿ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಗುತ್ತಿಗೆ ಒಪ್ಪಂದದಲ್ಲಿ ಅರ್ಜಿದಾರರು ಪಕ್ಷಗಾರರಲ್ಲ; ಅವರ ಹಕ್ಕಿಗೆ ಆಧಾರ ಈ ಅಧಿನಿಯಮ. ಹೊರಗುತ್ತಿಗೆಯಿಂದ ಕೆಲಸ ವರ್ಗಾವಣೆಯಾಗಬಹುದು, ಹೊಣೆ ವರ್ಗಾವಣೆಯಾಗುವುದಿಲ್ಲ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

1. ಯಾವುದೇ ಕೇಂದ್ರದಲ್ಲಿ ಅರ್ಜಿ ಸಲ್ಲಿಸಿದರೂ ಸಕಾಲ ಸಂಖ್ಯೆಯುಳ್ಳ ಸ್ವೀಕೃತಿಯನ್ನು ಕೇಳಿ ಪಡೆಯತಕ್ಕದ್ದು.

2. ಹೆಸರು, ಸರ್ವೆ ನಂಬರ್ ಮುಂತಾದ ವಿವರಗಳನ್ನು ನಮೂದಿನ ಹಂತದಲ್ಲಿಯೇ ಪರಿಶೀಲಿಸುವುದು ಸೂಕ್ತ.

3. ಕಾಲಮಿತಿ ಮೀರಿದಲ್ಲಿ ಅಥವಾ ಅರ್ಜಿ ತಿರಸ್ಕೃತಗೊಂಡಲ್ಲಿ ಸ್ವೀಕೃತಿ ಸಂಖ್ಯೆಯೊಂದಿಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು.