ಮನದೊಳಗಿನ ಮಾತು, ಮನೆಯೊಳಗಿನ ಅವ್ಯವಸ್ಥೆ



ಹಾವೇರಿ ಸೀಮೆಯ ತಾಯಿಯೋರ್ವರು ಕಳೆದ ತಿಂಗಳು ನಮಗೆ ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಹೆಸರು, ಊರುಗಳನ್ನು ಪ್ರಕಟಿಸಬಾರದೆಂಬ ಅವರ ಬಿನ್ನಹವನ್ನು ಮನ್ನಿಸಿ ಪತ್ರದ ಸಾರವನ್ನಷ್ಟೇ ಇಲ್ಲಿ ಕೊಡುತ್ತೇವೆ.

ಮದುವೆಯಾಗಿ ೧೮ ವರ್ಷ. ಬಿ.ಎ. ಓದಿದವರು. ಬೆಳಗಿನಿಂದ ರಾತ್ರಿಯವರೆಗೆ ದುಡಿಯುತ್ತಾರೆ; ಆದರೆ ಯಾವ ಕೆಲಸವೂ ಪೂರ್ತಿ ಮುಗಿದಿರುವುದಿಲ್ಲ. ಕರೆಂಟ್ ಬಿಲ್ಲು ಕಟ್ಟುವ ದಿನ ತಪ್ಪಿಹೋಗುತ್ತದೆ. ಬ್ಯಾಂಕಿನ ಪಾಸ್‌ಬುಕ್ಕು ಅಕ್ಕಿ ಡಬ್ಬಿಯ ಹಿಂದೆ ದೊರೆಯುತ್ತದೆ. ಒಲೆಯ ಮೇಲೆ ಹಾಲಿಟ್ಟು ಅರಿವೆ ಒಣಗಹಾಕಲು ಹಿತ್ತಲಿಗೆ ಹೋದವರು, ಅಲ್ಲಿ ಗಿಡ ಬಾಡಿದ್ದನ್ನು ಕಂಡು ನೀರು ತರಲು ಹೋಗುತ್ತಾರೆ. ಹಾಲು ಉಕ್ಕಿ ಸೀದ ವಾಸನೆ ಬಂದಾಗಲೇ ಎಚ್ಚರ. ಅತ್ತೆಯವರು ಬೀಗರ ಎದುರಿನಲ್ಲಿಯೇ 'ನಮ್ಮ ಸೊಸಿ ಮೈಗಳ್ಳಿ' ಎಂದದ್ದುಂಟು. ಅದನ್ನು ಸಹಿಸಿಕೊಂಡೆ ಎನ್ನುತ್ತಾರೆ. ಆದರೆ ಒಂಬತ್ತನೆಯ ತರಗತಿಯ ಮಗಳು ಪರೀಕ್ಷೆಯ ದಿನ ಕಂಪಾಸ್ ಪೆಟ್ಟಿಗೆ ಮರೆತು, ಅರ್ಧ ದಾರಿಯಿಂದ ಹಿಂದಿರುಗಿ, ಹಣೆ ಬಡಿದುಕೊಂಡು, 'ನಾನೂ ಅವ್ವನಂಗ ಮೈಗಳ್ಳಿ' ಎಂದು ಅತ್ತಳಂತೆ. ಆ ರಾತ್ರಿ ತಾಯಿಗೆ ನಿದ್ದೆ ಹತ್ತಲಿಲ್ಲ. ಮನಸ್ಸನ್ನು ಅರಿಯಲು ಓದತಕ್ಕ ಪುಸ್ತಕಗಳು ಯಾವುವು ಎಂದು ಅವರು ನಮ್ಮನ್ನು ಕೇಳಿದ್ದಾರೆ.

ತಾಯಿ, ಪುಸ್ತಕಗಳ ಹೆಸರನ್ನು ಹೇಳುತ್ತೇವೆ. ಅದಕ್ಕೂ ಮೊದಲು ಒಂದು ಮಾತು. ಬೆಳಗಿನಿಂದ ರಾತ್ರಿಯವರೆಗೆ ದುಡಿದೂ ಕೆಲಸ ಮುಗಿಯದವರನ್ನು ಮೈಗಳ್ಳರೆಂದು ಕರೆಯುವುದು ಶಬ್ದಾರ್ಥದ ದೃಷ್ಟಿಯಿಂದಲೇ ತಪ್ಪು. ದುಡಿಯಲೊಲ್ಲದವನು ಮೈಗಳ್ಳ. ನೀವು ದುಡಿಯುತ್ತಿದ್ದೀರಿ, ದುಡಿಮೆಯು ಒಂದು ಕ್ರಮಕ್ಕೆ ಒಳಪಡುತ್ತಿಲ್ಲ. ಇವೆರಡೂ ಬೇರೆ ಬೇರೆ. ರೋಗವೊಂದು, ಮದ್ದು ಮತ್ತೊಂದು ಆದರೆ ಗುಣವಾಗುವುದೆಂತು?

ನಮ್ಮ ಶಾಸ್ತ್ರಕಾರರು ಅಂತಃಕರಣವನ್ನು ನಾಲ್ಕಾಗಿ ವಿಂಗಡಿಸಿದ್ದಾರೆ. ಮಾಡಲೋ ಬೇಡವೋ ಎಂದು ತೂಗಾಡುವುದು ಮನಸ್ಸು, ನಿಶ್ಚಯಿಸುವುದು ಬುದ್ಧಿ, ನೆನಪಿಡುವುದು ಚಿತ್ತ, 'ಇದು ನಾನು' ಎಂದು ಹಚ್ಚಿಕೊಳ್ಳುವುದು ಅಹಂಕಾರ. 'ಕಂಪಾಸ್ ಪೆಟ್ಟಿಗೆ ಮರೆತೆ' ಎಂಬುದು ಚಿತ್ತಕ್ಕೆ ಸಂಬಂಧಿಸಿದ ಸಂಗತಿ. 'ನಾನು ಮೈಗಳ್ಳಿ' ಎಂಬುದು ಅಹಂಕಾರವು ಅದಕ್ಕೆ ಹಚ್ಚಿದ ಹೆಸರು. ಸಂಗತಿಯನ್ನು ತಿದ್ದಬಹುದು. ಹೆಸರು ಒಮ್ಮೆ ಅಂಟಿತೆಂದರೆ ತಿದ್ದುವ ಕೈಯೇ ಸೋತುಹೋಗುತ್ತದೆ.

ಈ ಹೆಸರು ಒಳಗೆ ಹೋಗುವುದು ಹೇಗೆ? ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗಾಟ್ಸ್ಕಿ ಇದರ ಬಗ್ಗೆ ಆಳವಾಗಿ ಚಿಂತಿಸಿದ್ದಾನೆ. 'ಥಾಟ್ ಅಂಡ್ ಲ್ಯಾಂಗ್ವೇಜ್' ಎಂದು ಇಂಗ್ಲಿಷಿಗೆ ಬಂದಿರುವ ಅವನ ಗ್ರಂಥವು ಅವನು ತೀರಿಕೊಂಡ ೧೯೩೪ರಲ್ಲಿಯೇ ಪ್ರಕಟವಾಯಿತು. ಮಗು ಮೊದಲು ಪರರೊಡನೆ ಮಾತನಾಡುತ್ತದೆ. ಅನಂತರ ಆಡುವಾಗ ತನ್ನೊಡನೆ ತಾನೇ ಗಟ್ಟಿಯಾಗಿ ಮಾತನಾಡಿಕೊಳ್ಳುತ್ತದೆ. ಬರಬರುತ್ತ ಆ ಮಾತು ಒಳಗಿಳಿದು ಮೌನವಾದ ಅಂತರಂಗದ ಮಾತಾಗುತ್ತದೆ ಎಂಬುದು ಅವನ ಸಿದ್ಧಾಂತ. ಇದನ್ನು ಓದಿದಾಗ ನಮಗೆ ತೋರಿದ್ದು ಇಷ್ಟು: ನಾವು ಮಕ್ಕಳೆದುರು ಆಡುವ ಮಾತು ಮುಂದೆ ಅವರು ತಮಗೆ ತಾವು ಆಡಿಕೊಳ್ಳುವ ಮಾತಾಗುತ್ತದೆ.

ಇಲ್ಲಿ ನಮ್ಮದೇ ತಪ್ಪೊಂದನ್ನು ಮುಚ್ಚಿಡಲಾರೆವು. ಮೂವತ್ತೈದು ವರ್ಷಗಳ ಹಿಂದೆ ನಾವು ಪಾಠಶಾಲೆಯಲ್ಲಿ ಸಂಸ್ಕೃತ ಕಲಿಸುತ್ತಿದ್ದಾಗ ಓರ್ವ ಹುಡುಗನಿದ್ದ. ಅರ್ಥಗ್ರಹಣದಲ್ಲಿ ಚುರುಕು, ಆದರೆ ಪುಸ್ತಕವಿದ್ದರೆ ಲೇಖನಿಯಿಲ್ಲ, ಲೇಖನಿಯಿದ್ದರೆ ಪುಸ್ತಕವಿಲ್ಲ. ನಾವು ಅವನಿಗೆ 'ಮರೆಗುಳಿ' ಎಂದು ಹೆಸರಿಟ್ಟೆವು. ತಮಾಷೆಗೆಂದೇ ಇಟ್ಟದ್ದು, ಸಹಪಾಠಿಗಳೆಲ್ಲ ಹಾಗೆಯೇ ಕರೆದರು. ಮರುವರ್ಷ ಅವನು ಬರಲಿಲ್ಲ. ಬಹುಕಾಲದ ತರುವಾಯ ಬಸ್ ನಿಲ್ದಾಣವೊಂದರಲ್ಲಿ ತಲೆ ನರೆತ ವ್ಯಕ್ತಿಯೊಬ್ಬರು ನಮಗೆ ನಮಸ್ಕರಿಸಿ, 'ಗುರುಗಳೇ, ಗುರುತು ಸಿಗಲಿಲ್ಲವೇ? ನಾನು ಮರೆಗುಳಿ' ಎಂದರು. ತಂದೆತಾಯಿ ಇಟ್ಟ ಹೆಸರನ್ನು ಅವರು ಹೇಳಲಿಲ್ಲ. ನಮಗೂ ಅದು ನೆನಪಾಗಲಿಲ್ಲ. ಅಂದು ನಮಗಾದ ನಾಚಿಕೆ ಇಂದಿಗೂ ಆರಿಲ್ಲ.

ಇನ್ನು ಪುಸ್ತಕಗಳ ವಿಚಾರ.

ಮೊದಲು ನಮ್ಮ ಕನ್ನಡದ ಗ್ರಂಥ. ಡಾ. ಎಂ. ಶಿವರಾಂ ಅವರ 'ಮನಮಂಥನ'. 'ರಾಶಿ' ಎಂಬ ಹೆಸರಿನಲ್ಲಿ 'ಕೊರವಂಜಿ' ಪತ್ರಿಕೆಯನ್ನು ನಡೆಸಿ ನಾಡನ್ನು ನಗಿಸಿದ ವೈದ್ಯರು ಇವರೇ. ಮನಸ್ಸಿನ ರೋಗಗಳನ್ನು ಕುರಿತ ಈ ಕೃತಿಗೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಹಳೆಯದಾದರೂ ಮನಸ್ಸಿನ ತೊಂದರೆಗಳನ್ನು ಶಾಪವೆಂದೂ ಪಾಪವೆಂದೂ ಎಣಿಸದೆ ನೋಡುವ ದೃಷ್ಟಿಯನ್ನು ಬೆಳೆಸಿಕೊಳ್ಳಲು ಇಂಥ ಗ್ರಂಥವು ನೆರವಾಗುತ್ತದೆ. ಗ್ರಂಥಾಲಯದಲ್ಲಿ ಕೇಳಿ ನೋಡಬೇಕು. ಇದರೊಡನೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರ ಪುಸ್ತಕಗಳು. ನೂರಕ್ಕೂ ಮಿಕ್ಕಿ ಬರೆದಿದ್ದಾರೆ. ಸಾಮಾನ್ಯ ಓದುಗರಿಗೆಂದೇ ಬರೆದ ತಿಳಿಗನ್ನಡ.

ಎರಡನೆಯದು, ಈಥನ್ ಕ್ರಾಸ್ ಅವರ 'ಚಾಟರ್'. ೨೦೨೧ರಲ್ಲಿ ಬಂದದ್ದು. ಕ್ರಾಸ್ ಅವರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ಪ್ರಾಧ್ಯಾಪಕರು. ಒಳಗಿನ ಮಾತನ್ನು ಪೂರ್ತಿ ಅಡಗಿಸಬೇಕೆಂದು ಅವರು ಹೇಳುವುದಿಲ್ಲ. ನೆನಪಿಟ್ಟುಕೊಳ್ಳಲು, ನಾಳಿನ ಕೆಲಸವನ್ನು ಯೋಚಿಸಲು ಅದು ಬೇಕೇ ಬೇಕು. ಅದೇ ಮಾತು ಗಾಣದ ಎತ್ತಿನಂತೆ ಒಂದೇ ದುಃಖದ ಸುತ್ತ ತಿರುಗತೊಡಗಿದಾಗ ಕೇಡು. ಅದಕ್ಕೆ ಅವರು ಹೇಳುವ ಉಪಾಯಗಳಲ್ಲೊಂದು ಬಹು ಸರಳ: 'ನಾನು' ಎನ್ನದೆ ತನ್ನ ಹೆಸರು ಹಿಡಿದು ತನ್ನನ್ನು ಮಾತನಾಡಿಸುವುದು. ಕ್ರಾಸ್ ಮತ್ತು ಸಂಗಡಿಗರು ೨೦೧೪ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಭಾಷಣಕ್ಕೆ ಸಿದ್ಧರಾಗುವಾಗ ಹೀಗೆ ತಮ್ಮ ಹೆಸರಿನಿಂದಲೇ ತಮ್ಮನ್ನು ಕರೆದುಕೊಂಡವರು, 'ನಾನು' ಎಂದುಕೊಂಡವರಿಗಿಂತ ಚೆನ್ನಾಗಿ ಮಾತನಾಡಿದರು; ಅನಂತರ ನಾಚಿ ಕೊರಗಿದ್ದೂ ಕಡಿಮೆ. ಕಾರಣ ಸ್ಪಷ್ಟವಾಗಿದೆ. ನೆರೆಮನೆಯವಳ ಹಾಲು ಉಕ್ಕಿದರೆ ನಾವು ಅವಳನ್ನು ಬಯ್ಯುವುದಿಲ್ಲ, 'ಇರಲಿ ತಂಗಿ, ಒಲೆ ಒರೆಸು' ಎನ್ನುತ್ತೇವೆ. ಆ ಸೌಜನ್ಯವನ್ನು ನಮಗೆ ನಾವೇ ತೋರಿಸಿಕೊಳ್ಳುವ ದಾರಿಯಿದು.

ಮೂರನೆಯದು, ಜೂಡಿತ್ ಕೋಲ್ಬರ್ಗ್ ಅವರ 'ಕಾಂಕರಿಂಗ್ ಕ್ರಾನಿಕ್ ಡಿಸಾರ್ಗನೈಸೇಶನ್'. ತೊಂಬತ್ತರ ದಶಕದ ಕೊನೆಯಲ್ಲಿ ಬಂದದ್ದು. ನಮ್ಮ ತಾಯಿಯವರ ಪ್ರಶ್ನೆಗೆ ನೇರ ಉತ್ತರ ಇದರಲ್ಲಿದೆ. ಹಬ್ಬದ ಮರುದಿನ ಎಲ್ಲರ ಮನೆಯೂ ಅಸ್ತವ್ಯಸ್ತವೇ. ಅದು ದೀರ್ಘಕಾಲಿಕ ಅವ್ಯವಸ್ಥೆಯಲ್ಲ. ಬಹುಕಾಲದಿಂದ ನಡೆದುಬಂದಿರಬೇಕು, ಸ್ವಪ್ರಯತ್ನಗಳು ಮತ್ತೆ ಮತ್ತೆ ವಿಫಲವಾಗಿರಬೇಕು, ದಿನನಿತ್ಯದ ಬಾಳನ್ನು ಕೆಡಿಸುತ್ತಿರಬೇಕು. ಇಂಥವರಿಗೆ ಸಾಮಾನ್ಯ ಅಚ್ಚುಕಟ್ಟಿನ ಉಪದೇಶಗಳು ಫಲಿಸವೆಂದು ಅರಿತು ಲೇಖಕಿ ಬೇರೆ ಹಾದಿ ಹುಡುಕಿದ್ದಾರೆ. ಒಂದು: ಸಾಮಾನುಗಳನ್ನು ಮಿತ್ರರು, ಪರಿಚಿತರು, ಅಪರಿಚಿತರು ಎಂದು ವಿಂಗಡಿಸುವುದು. ಮಿತ್ರರು ಉಳಿಯಲಿ, ಅಪರಿಚಿತರು ಹೊರಡಲಿ. ಇನ್ನೊಂದು: ಕೆಲಸ ಮಾಡುವಾಗ ಒಬ್ಬರು ಸುಮ್ಮನೆ ಪಕ್ಕದಲ್ಲಿ ಕುಳಿತಿರುವುದು. ಅವರು ಕೈ ಹಚ್ಚಬೇಕಿಲ್ಲ, ಬುದ್ಧಿ ಹೇಳಬಾರದು. ಅವರ ಇರುವಿಕೆಯಿಂದಲೇ ಚದುರುವ ಮನಸ್ಸು ನಿಲ್ಲುತ್ತದೆ. ಹಿಂದೆ ಅವಿಭಕ್ತ ಕುಟುಂಬಗಳಲ್ಲಿ ಹಪ್ಪಳ ಶಾವಿಗೆಗಳನ್ನು ನಾಲ್ವರು ಕೂಡಿ ಮಾಡುವಾಗ ಈ ನೆರವು ಕೇಳದೆಯೇ ಸಿಗುತ್ತಿತ್ತು.

ನಾಲ್ಕನೆಯದಾಗಿ ಜೋಡಿ ಪುಸ್ತಕಗಳು. ಕೇಟ್ ಕೆಲ್ಲಿ ಮತ್ತು ಪೆಗ್ಗಿ ರಮುಂಡೊ ೧೯೯೩ರಲ್ಲಿ ಬರೆದ ಪುಸ್ತಕದ ಹೆಸರನ್ನು ಕನ್ನಡಿಸಿದರೆ 'ಅಂದರೆ ನಾನು ಸೋಮಾರಿಯೂ ಅಲ್ಲ, ದಡ್ಡಿಯೂ ಅಲ್ಲ, ಹುಚ್ಚಿಯೂ ಅಲ್ಲವೇ?' ಎಂದಾಗುತ್ತದೆ. ಎಡ್ವರ್ಡ್ ಹ್ಯಾಲೊವೆಲ್ ಮತ್ತು ಜಾನ್ ರೇಟಿ ಎಂಬ ಮನೋವೈದ್ಯರ 'ಡ್ರಿವನ್ ಟು ಡಿಸ್ಟ್ರಾಕ್ಷನ್' ೧೯೯೪ರದು. ಎರಡರ ವಿಷಯವೂ ಎ.ಡಿ.ಎಚ್.ಡಿ., ಅಂದರೆ ಗಮನವನ್ನು ಬೇಕಾದಾಗ ಬೇಕಾದಲ್ಲಿ ನಿಲ್ಲಿಸಲಾಗದ ಹುಟ್ಟುಸ್ವಭಾವ. ಇದು ಬುದ್ಧಿಮಾಂದ್ಯವಲ್ಲ. ತುಂಟ ಹುಡುಗರಲ್ಲಿ ಬೇಗ ಗುರುತಿಗೆ ಬರುತ್ತದೆ. ಸುಮ್ಮನೆ ಕುಳಿತು ಕಿಟಕಿಯಾಚೆ ನೋಡುವ ಹುಡುಗಿಯರಲ್ಲಿ ಎಷ್ಟೋ ಸಲ ಕಣ್ತಪ್ಪಿ ಹೋಗುತ್ತದೆ. ಅಂಥವರು ಗೃಹಿಣಿಯರಾದಾಗ, ಹತ್ತು ಕೆಲಸಗಳನ್ನು ಏಕಕಾಲಕ್ಕೆ ನೆನಪಿಡಬೇಕಾದ ಹೊತ್ತಿನಲ್ಲಿ, ತೊಡಕು ಬಯಲಾಗುತ್ತದೆ. ಇದರಲ್ಲಿ ಆನುವಂಶಿಕತೆಯ ಪಾತ್ರ ದೊಡ್ಡದೆಂದು ತಜ್ಞರು ಹೇಳುತ್ತಾರೆ.

ಕೊನೆಯದು, ಕೆ. ಸಿ. ಡೇವಿಸ್ ಎಂಬ ಆಪ್ತಸಮಾಲೋಚಕಿಯ 'ಹೌ ಟು ಕೀಪ್ ಹೌಸ್ ವೈಲ್ ಡ್ರೌನಿಂಗ್', ೨೦೨೨ರದು. ಪಾತ್ರೆ ತೊಳೆಯದೆ ಉಳಿದರೆ ಅದು ಉಳಿದ ಕೆಲಸವೇ ಹೊರತು ಶೀಲದ ಕಳಂಕವಲ್ಲ ಎಂಬುದು ಅವರ ಮುಖ್ಯ ಪ್ರತಿಪಾದನೆ. ಯಾವುದೇ ಕೋಣೆಯಲ್ಲಿ ಇರುವುದು ಐದೇ ಬಗೆಯ ವಸ್ತು ಎನ್ನುತ್ತಾರೆ: ಕಸ, ಪಾತ್ರೆ, ಬಟ್ಟೆ, ಸ್ಥಳವಿದ್ದೂ ಸ್ಥಳ ತಪ್ಪಿದವು, ಸ್ಥಳವೇ ಇಲ್ಲದವು. ಒಂದೊಂದು ಬಗೆಯನ್ನು ಕ್ರಮವಾಗಿ ತೆಗೆದರಾಯಿತು. ಕೋಣೆಯೆಲ್ಲವನ್ನೂ ಒಮ್ಮೆಲೇ ನೋಡಿ ಎದೆಗುಂದುವವರಿಗೆ ಇದು ಹಿಡಿದು ನಡೆಯಬಹುದಾದ ಕೈಕೋಲು.

ಒಂದು ಎಚ್ಚರಿಕೆಯನ್ನು ಹೇಳದೆ ಮುಗಿಸಲಾರೆವು. ಪುಸ್ತಕ ಓದಿ ತಮಗೆ ತಾವೇ ರೋಗನಿರ್ಣಯ ಮಾಡಿಕೊಳ್ಳಬಾರದು. ಎ.ಡಿ.ಎಚ್.ಡಿ. ಎನ್ನಬೇಕಾದರೆ ಲಕ್ಷಣಗಳು ಹನ್ನೆರಡು ವರ್ಷದೊಳಗೇ ತೋರಿರಬೇಕೆಂಬುದು ಅಮೆರಿಕದ ಮನೋವೈದ್ಯರ ಸಂಘವು ೨೦೧೩ರಲ್ಲಿ ಪ್ರಕಟಿಸಿದ ಕೈಪಿಡಿಯ ನಿಯಮ. ಮೊದಲು ಚೆನ್ನಾಗಿದ್ದವರಿಗೆ ನಡುವಯಸ್ಸಿನಲ್ಲಿ ಮರೆವು, ಗೊಂದಲ ಬಂದರೆ ಥೈರಾಯ್ಡ್ ದೋಷ, ರಕ್ತಹೀನತೆ, ನಿದ್ರಾಭಾವ, ಖಿನ್ನತೆ ಇವುಗಳನ್ನು ಮೊದಲು ಪರೀಕ್ಷಿಸಬೇಕು. ಸಂಕೋಚಪಡುವವರಿಗೆ ೨೦೨೨ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯುಂಟು, ಸಂಖ್ಯೆ ೧೪೪೧೬. ಕನ್ನಡದಲ್ಲಿಯೇ ಮಾತನಾಡಬಹುದು, ಶುಲ್ಕವಿಲ್ಲ.

ಈಗ ಪತ್ರ ಬರೆದ ತಾಯಿಯವರಿಗೆ. ಮಗಳಿಗೆ ಮರೆವಿನ ಸ್ವಭಾವವು ನಿಮ್ಮ ರಕ್ತದಿಂದ ಬಂದಿದ್ದರೂ ಬಂದಿರಬಹುದು. ಅದು ನಿಮ್ಮ ಅಪರಾಧವಲ್ಲ. ಆದರೆ 'ಮೈಗಳ್ಳಿ' ಎಂಬ ಮಾತು ರಕ್ತದಿಂದ ಬಂದದ್ದಲ್ಲ, ಕಿವಿಯಿಂದ ಬಂದದ್ದು. ಅತ್ತೆಯವರ ಬಾಯಿಯಿಂದ ಮಾತ್ರವಲ್ಲ, ನೀವು ನಿಮ್ಮನ್ನೇ ಹಾಗೆ ಬಯ್ದುಕೊಳ್ಳುವುದನ್ನೂ ಆಕೆ ಕೇಳಿದ್ದಾಳೆ. ಇನ್ನು ಮುಂದೆ ಹಾಲು ಉಕ್ಕಿದರೆ ಆಕೆಗೆ ಕೇಳುವಂತೆ, 'ಹಾಲು ಉಕ್ಕಿತು, ಒಲೆ ಒರೆಸುತ್ತೇನೆ. ನಾಳೆಯಿಂದ ಹಾಲಿಟ್ಟಾಗ ಅಡುಗೆಮನೆ ಬಿಡುವುದಿಲ್ಲ' ಎಂದಷ್ಟೇ ಹೇಳಿರಿ. ರಾತ್ರಿ ಆಕೆ ಶಾಲೆಯ ಚೀಲ ಸಿದ್ಧಪಡಿಸುವಾಗ ಬುದ್ಧಿ ಹೇಳದೆ ಸುಮ್ಮನೆ ಪಕ್ಕದಲ್ಲಿ ಕುಳಿತುಕೊಳ್ಳಿರಿ. ನೀವು ಬಿಲ್ಲುಗಳನ್ನು ಜೋಡಿಸುವಾಗ ಆಕೆ ಕುಳಿತಿರಲಿ.

ಅತ್ತೆಯವರಿಗೂ ಒಂದು ಬಿನ್ನಹ. ಅವ್ವಾ, ಈ ಮಾಸಿಕ ನಿಮ್ಮ ಮನೆಗೂ ಬರುತ್ತದೆ. ಸೊಸೆಯ ಕೆಲಸ ತಪ್ಪಿದರೆ ಕೆಲಸದ ಹೆಸರು ಹಿಡಿದು ಹೇಳಿರಿ, ಅವಳಿಗೆ ಹೆಸರಿಡಬೇಡಿರಿ. ನಾವೊಮ್ಮೆ ಇಟ್ಟ ಹೆಸರನ್ನು ಹಿಂದಕ್ಕೆ ತೆಗೆದುಕೊಳ್ಳಲು ನಮಗೆ ಅವಕಾಶ ದೊರೆಯಲಿಲ್ಲ. ನಿಮ್ಮ ಮೊಮ್ಮಗಳು ಇನ್ನೂ ಒಂಬತ್ತನೆಯ ತರಗತಿಯಲ್ಲಿದ್ದಾಳೆ. ನಿಮಗೆ ಕಾಲವಿದೆ.